ಇಲ್ಲಿಂದ ಪೂರ್ವಕ್ಕೆ ಇನ್ನೂರು ಗಜ

ಟ್ಯಾಲೋ ಬೆಂಡ್ ಊರಲ್ಲಿ ಏನೇ ನಡೆದಿರಲಿ
ಫಲಕ ನಿಂತಲ್ಲಿ ನಡೆದದ್ದಲ್ಲ.
ಇಲ್ಲಿಂದ ಉತ್ತರಕ್ಕೆ ಅರ್ಧ ಮೈಲಿ, ದೋಣಿಕಟ್ಟೆ.
ಇಲ್ಲಿಂದ ಪಡುವಕ್ಕೆ ಕರ್ನಲ್ ಹಾರ್ಡಮನ್‌ನ ಹತ್ತಿಗಿರಣಿ.
ಹೊಳೆಯಾಚೆ, ಈಗಿಲ್ಲದ ಸೇತುವೆ ದಾಟಿದರೆ,
ಜ್ವರದಲ್ಲಿ ಸತ್ತ ಸಿಪಾಯಿಗಳ ಗೋರಿ.
ಚರಿತ್ರೆಯೆಂಬುದು ಯಾವಾಗಲೂ ಪಕ್ಕದ ಹೊಲದಲ್ಲಿ,
ಕಾರು ನಿಲ್ಲಿಸಲು ಜಾಗವಿಲ್ಲದ ಕಡೆ.

ಪ್ರತಿ ಜೂನಿಗೆ ಹೋಯ್ಟ್ ಸ್ಟ್ರಿಬ್ಲಿಂಗ್ ಬರುತ್ತಾನೆ,
ಏಣಿ, ಎರಡು ಡಬ್ಬ ಬಣ್ಣ, ಹಳೇ ಹಲ್ಲುಜ್ಜುವ ಬ್ರಷ್ಷು.
ಎರಕದ ಅಕ್ಷರಗಳ ಕಿವಿ ತೊಳೆಯುತ್ತಾನೆ.
‘ಓ’ಗಳೊಳಗೆ ಮಣ್ಣಿನ ಗೂಡು ಕಟ್ಟಿದ ಕಣಜಕ್ಕೆ
ಕ್ಷಮಿಸು ತಾಯಿ ಅನ್ನುತ್ತಾನೆ.
ಮೂವತ್ತು ವರ್ಷದಿಂದ ಬಳಿದಿದ್ದಾನೆ,
ಒಮ್ಮೆಯೂ ಪೂರ್ತಿ ಓದಿಲ್ಲವಂತೆ.
"ಒಂದೊಂದೇ ಅಕ್ಷರ ನೋಡ್ತೀನಲ್ಲ, ಸಾಕು."

ನಾನು ಔಷಧಿ ಅಂಗಡಿಯವಳು.
ಕೈಬರಹ ದುಂಡಗಿದೆಯೆಂದು ಸಮಿತಿಗೆ ಹಾಕಿಕೊಂಡರು,
ನಡಾವಳಿ ಬರೆಯಲು.
ನನಗೆ ಗೊತ್ತಿದ್ದದ್ದು ಕಲ್ಲಿನ ಶಾಸನ:
ಮೇಲೆ ಸೂರ್ಯ ಚಂದ್ರ, ನಡುವೆ ದತ್ತಿಯ ಲೆಕ್ಕ,
ಕೊನೆಗೊಂದು ಶಾಪ. ಇದನಳಿದವ ವಾರಣಾಸಿಯಲಿ
ಸಾಸಿರ ಕವಿಲೆಯ ಕೊಂದ ಪಾಪಕ್ಕೆ ಹೋಹನು.
ಇಲ್ಲಿ ಮೇಲೆ ರಾಜ್ಯದ ಮುದ್ರೆ, ಕೆಳಗೆ ದುಡ್ಡು ಕೊಟ್ಟವರ ಹೆಸರು.
ಶಾಪವಿಲ್ಲ. ಅದಕ್ಕೇ ಇರಬೇಕು,
ವರ್ಷಕ್ಕೊಂದು ಪಿಕಪ್ ಟ್ರಕ್ಕು ಬಂದು ಗುದ್ದುತ್ತದೆ.

ಮಾರ್ಚಿಯಲ್ಲಿ ಅರ್ಲೀತಾ ಪಿಂಕ್ನಿ ಬಂದರು.
ಅವರ ಮಾತ್ರೆಗಳೆಲ್ಲ ನನಗೆ ಬಾಯಿಪಾಠ,
ಅವರು ಆರು ವರ್ಷದವರಿದ್ದದ್ದು ಗೊತ್ತಿರಲಿಲ್ಲ.
ನೀಬೋ ಶಾಲೆ, ಎರಡು ಕೋಣೆ, ಕರಿಯರ ಮಕ್ಕಳಿಗೆ,
ಅಪ್ಪಂದಿರೇ ದಿಮ್ಮಿ ಕೊಯ್ದು ಕಟ್ಟಿದ್ದು.
ಸುಟ್ಟವರ ಹೆಸರು ಹೇಳಿದರು, ನಾಲ್ಕು.
ಫ್ಯಾನು ತಿರುಗುತ್ತಿತ್ತು.
ಅಕ್ಷರಕ್ಕಿಷ್ಟು ಡಾಲರು, ಜಾಗ ಸಾಲದು, ಎಂದರು ಅಧ್ಯಕ್ಷೆ.
‘ಬೆಂಕಿಯಿಂದ ನಾಶವಾಯಿತು’ ಎಂದಾಯಿತು.
ಬೆಂಕಿ ತಾನೇ ಎದ್ದು, ಟೊಪ್ಪಿ ಹಾಕಿಕೊಂಡು,
ಸೀಮೆಎಣ್ಣೆ ಡಬ್ಬ ಹಿಡಿದು ನಡೆದು ಬಂದಂತೆ.

ನಡಾವಳಿಯ ಅಂಚಿನಲ್ಲಿ, ಕನ್ನಡದಲ್ಲಿ, ಬರೆದೆ:
ಸುಟ್ಟರು.
ನನ್ನ ಭಾಷೆಯಲ್ಲಿ ಕ್ರಿಯೆಯ ಬಾಲದಲ್ಲೇ
ಮಾಡಿದವರು ಕೂತಿರುತ್ತಾರೆ, ಅಕ್ಷರಕ್ಕೆ ದುಡ್ಡಿಲ್ಲ.
ಆದರೆ ಅದೇ ‘ರು’ ಮರ್ಯಾದೆಗೂ ಬರುತ್ತದೆ;
ಪಿಂಕ್ನಿ ಬಂದರು, ಎನ್ನುವಾಗಿನ ‘ರು’.
ಸುಟ್ಟವರೂ ಊರಿನ ಮರ್ಯಾದಸ್ಥರೇ,
ಹಾಗಾಗಿ ವ್ಯಾಕರಣ ತಪ್ಪಲಿಲ್ಲ.
"ಏನು ಚಂದದ ಬಳ್ಳಿ ಚಿತ್ರ!" ಎಂದು
ಹಾರ್ಡಮನ್‌ರ ಮರಿಮಗಳು ಅದರ ಕೆಳಗೇ ಸಹಿ ಹಾಕಿದರು.
ಕೋರ್ಟಿನ ನೆಲಮಾಳಿಗೆಯಲ್ಲಿದೆ, ಹದಿನಾಲ್ಕನೇ ಪೆಟ್ಟಿಗೆ.

ಫಲಕದ ಪರದೆ ತೆಗೆದ ದಿನ ಕೇಕು ತಿಂದ ಮೇಲೆ
ಅರ್ಲೀತಾ ಊರುಗೋಲು ಹಿಡಿದು ಪೂರ್ವಕ್ಕೆ ಹೊರಟರು.
ನಾನೂ ಹೋದೆ. ಕಾರು ತೊಳೆಯುವ ಅಂಗಡಿ,
ಗುಲಾಬಿ ನೊರೆ ಚರಂಡಿಗೆ ಇಳಿಯುತ್ತಿತ್ತು.
"ಇನ್ನೂರಲ್ಲ," ಎಂದರು ನಿಂತು, ಉಸಿರು ಹಿಡಿದು,
"ಇನ್ನೂರ ಅರವತ್ತು. ಸಣ್ಣ ಕಾಲಿಗೆ
ಇನ್ನೂ ಜಾಸ್ತಿ ಇತ್ತು."