ಹದಿಮೂರರ ಮಗ್ಗಿ

ಬಹರೇನಿನ ಸಲ್ಮಾಬಾದಿನಲ್ಲಿ, ಗ್ಯಾರೇಜುಗಳ ಹಿಂದೆ,
ಶುಕ್ರವಾರ ಮಧ್ಯಾಹ್ನಕ್ಕೆ ಒಗೆದ ಬಟ್ಟೆಯ ವಾಸನೆ.
ನಮಾಜು ಮುಗಿಸಿ ಬಂದವರು, ನಿದ್ದೆ ಮುಗಿಸದೆ ಎದ್ದವರು,
ಮೂರಂತಸ್ತಿನ ಮಂಚಗಳಿಂದ ಇಳಿಬಿದ್ದ ಕಾಲುಗಳು.
ಕುರ್ಚಿ ಒಂದೇ ಇತ್ತು. ನನಗೆ ಕೊಟ್ಟರು.

ಹದಿನೆಂಟು ಪ್ರಶ್ನೆ.
ಆರನೆಯದು: ಎಷ್ಟು ವರ್ಷ ಓದಿದ್ದೀರಿ?
ಏಳನೆಯದು: ಎಷ್ಟು ಸಲ ಓಟು ಹಾಕಿದ್ದೀರಿ?
ಇವೆರಡರ ನಡುವೆ ಒಂದು ಗೆರೆ ಎಳೆಯುವುದು
ನನ್ನ ನಾಲ್ಕು ವರ್ಷದ ಕೆಲಸ.
ಗೆರೆ ಮೇಲಕ್ಕೇರಬೇಕು, ಓದಿದಷ್ಟೂ ಓಟು,
ಹಾಗೆನ್ನುತ್ತವೆ ನಾನು ಓದಿದ ಪುಸ್ತಕಗಳು.
ವಿಮಾನದ ಟಿಕೆಟ್ಟಿಗೆಷ್ಟು ಎಂದು
ಅವು ಯಾರನ್ನೂ ಕೇಳಿರಲಿಲ್ಲ.

ಹೋದ ವಾರ ಜುಫೈರಿನ ಹದಿನಾಲ್ಕನೇ ಮಹಡಿಯಲ್ಲಿ
ಲೆಕ್ಕಪರಿಶೋಧಕ ಸುಧಾಮ ಶೇಟರು
ಗೋಡಂಬಿ ಮುಂದಿಟ್ಟು ಎರಡು ಗಂಟೆ ದೇಶವನ್ನು ತಿದ್ದಿದರು.
ಏಳನೆಯದಕ್ಕೆ ಬಂದಾಗ ಎಸಿಯ ರಿಮೋಟು ಹುಡುಕಿದರು.
ಆಮೇಲೆ, ಕಳಿಸಲು ಬಂದವರು, ಲಿಫ್ಟಿನೆದುರು, ಮೆಲ್ಲಗೆ:
"ಒಮ್ಮೆ ಹೋಗಿದ್ದೆ ಮಾರಾಯ್ರೆ, ಅದಕ್ಕೆಂದೇ ರಜೆ ಹಾಕಿ.
ಪಟ್ಟಿಯಲ್ಲಿ ನನ್ನ ಹೆಸರಿಲ್ಲ.
ತೀರಿಹೋದ ಅಪ್ಪನದು ಇತ್ತು."
ಪೆನ್ನು ತೆಗೆಯುವಷ್ಟರಲ್ಲಿ ಲಿಫ್ಟು ಬಂತು.

ಇಲ್ಲಿ ಮಾನ್ವಿ ಕಡೆಯ ಯಂಕೋಬ,
ಎತ್ತರದ ಕಟ್ಟಡಗಳಿಗೆ ಕಬ್ಬಿಣದ ಅಟ್ಟಣಿಗೆ ಕಟ್ಟುವವನು,
ಆರನೆಯದಕ್ಕೇ ಬೆರಳು ಮಡಚುತ್ತಾ ಕೂತ.
"ನಾಕು ವರ್ಷ. ಮ್ಯಾಲ ಮೂರು ದಿನ ಬರ್ಕೋರಿ."

ಮೂರು ದಿನ ಎಲ್ಲಿಂದ ಬಂತು?

"ನಾಕನೇತ್ತಿಗೆ ಸಾಲಿ ಬಿಟ್ಟೆ. ಆಮ್ಯಾಲ ಅದರೊಳಗ
ಕಾಲಿಟ್ಟಿದ್ದು ಓಟಿಗಂತ, ಮೂರು ಸರ್ತಿ.
ಅದ ಖೋಲಿ, ಅದ ಕರಿ ಹಲಗಿ.
ಸಾಲು ಉದ್ದ. ಸಾಲಿ ಗ್ವಾಡಿಗೆ ಮಗ್ಗಿ ಬರದಿದ್ರು.
ಹನ್ನೆರಡರ ತನಕ ನನಗ ಬಾಯಿಪಾಠ.
ಮೊದಲನೇ ಸರ್ತಿ ಹದಿಮೂರೈದ್ಲೆ ಅರವತ್ತೈದಕ್ಕ ಬಂದಿದ್ದೆ,
ಮುಂದ ಸರಿ ಅಂದ್ರು.
ಎರಡನೇ ಸರ್ತಿ ಮತ್ತ ಒಂದರಿಂದ ಹಿಡದು ಏಳರ ತನಕ.
ಮೂರನೇದಕ್ಕ ಇಲ್ಲಿಂದ ಹೋದೆ,
ಎರಡು ತಿಂಗಳ ಪಗಾರ ಟಿಕೇಟಿಗೆ ಸುರುವಿ.
ಗ್ವಾಡಿಗೆ ಸುಣ್ಣ ಬಳದಿದ್ರು."

ಯಾರೋ ನಕ್ಕರು. ಅವನು ನಗಲಿಲ್ಲ.
ಎಡಗೈ ಹೆಬ್ಬೆರಳಿನ ಕಪ್ಪು ಉಗುರನ್ನು ನಾನು ನೋಡಿದ್ದು ಕಂಡು
"ಅದು ಓಟಲ್ರಿ, ಸುತ್ತಿಗಿ.
ಓಟಿಂದು ಬಾಜೂಕಿತ್ತು, ಬೆಳಕೊಂತ ಹೋತು.
ವಿಮಾನ ಇಳದಾಗ ಇಲ್ಲಿನ ಸಾಹೇಬ ಬೆರಳು ಹಿಡದು ಏನಿದು ಅಂದ.
ಓಟಿಗೆ ಅರಬ್ಬಿ ಬರಲಿಲ್ಲ ನನಗ.
ಮದ್ರಸಾ, ಅಂದೆ.
ಠಸ್ಸೆ ಒತ್ತಿ ಬಿಟ್ಟ."

ಯಾರಿಗೆ ಹಾಕಿದೆ ಅಂತ ಕೇಳಂಗಿಲ್ಲೇನ್ರಿ?
ಇಲ್ಲ, ಹದಿನೆಂಟರಲ್ಲಿ ಅದಿಲ್ಲ.
ಚಲೋ ಆತು.

ರಾತ್ರಿ ಗುದೈಬಿಯಾದ ಕೋಣೆಯಲ್ಲಿ
ಯಂಕೋಬನ ಆರನೇ ಖಾನೆಗೆ ನಾಲ್ಕು ಎಂದು ಹೊಡೆದೆ.
ಮೂರು ದಿನ ಒಳಗೆ ಹೋಗಲಿಲ್ಲ,
ಆ ಖಾನೆಗೆ ಪೂರ್ಣಾಂಕ ಮಾತ್ರ ಗೊತ್ತು.
ಶೇಟರ ಏಳಕ್ಕೆ ಸೊನ್ನೆ.
ಹೆಸರಿಲ್ಲದೆ ಹಿಂತಿರುಗಿದವನ ಸೊನ್ನೆಯೂ
ಹೋಗದೇ ಉಳಿದವನ ಸೊನ್ನೆಯೂ
ಪರದೆಯ ಮೇಲೆ ಒಂದೇ ದುಂಡಗೆ.
ಗೆರೆ ಎಳೆದೆ.
ತುಸು ಏರಿತು, ದಣಿದಂತೆ ಅಡ್ಡ ಬಿತ್ತು.
ಗೈಡಿಗೆ ಕಳಿಸುವ ಕಾಗದದಲ್ಲಿ
"ಸಂಬಂಧ ದುರ್ಬಲ" ಎಂದು ಬರೆದು, ಅಳಿಸಿ,
ಮತ್ತೆ ಅದನ್ನೇ ಬರೆದೆ.

ಹೊರಡುವ ಮುಂಚೆ ಆದದ್ದನ್ನು ಅದರಲ್ಲಿ ಸೇರಿಸಲಿಲ್ಲ:
ಒಪ್ಪಿಗೆ ಪತ್ರದ ಒಂದು ಪ್ರತಿ ಅವನದು.
ಮಡಚದೆ ಹಾಗೇ ಹಿಡಿದು ನಿಂತ.
"ಹಿಂದ ಖಾಲಿ ಐತಲ್ರಿ. ಬರದು ಕೊಡ್ರಿ, ಪೂರಾ."
ಕುರ್ಚಿಯ ತೋಳಿಗೆ ಕಾಗದ ಒತ್ತಿ ಒಂದರಿಂದ ಹಿಡಿದೆ.
ಹದಿಮೂರೇಳ್ಲೆ ತೊಂಬತ್ತೊಂದು,
ಹದಿಮೂರೆಂಟ್ಲೆ...
ಅಲ್ಲಿ ನನ್ನ ಪೆನ್ನು ನಿಂತಿತು.
ನಾಲ್ಕು ವರ್ಷದ ಸಂಖ್ಯಾಶಾಸ್ತ್ರ ತಲೆಯೊಳಗೆ ತಡಕಾಡುತ್ತಿರಲು
ಮೇಲಿನ ಮಂಚದಿಂದ, ಗೋಡೆಯ ಕಡೆ ಹೊರಳಿದ್ದ
ಯಾರದೋ ನಿದ್ದೆಗಣ್ಣಿನ ದನಿ
ನೂರಾ ನಾಕು, ಅಂತು.