ನಾಲ್ಕು ಇಂಚಿನ ಉಸಿರು

ಕೋಣನಕುಂಟೆಯ ಹಾರ್ಡ್‌ವೇರ್ ಅಂಗಡಿಯಿಂದ
ಪಿಳ್ಳಪ್ಪಣ್ಣ ತಂದ ಪೈಪು: ನೂರಾ ತೊಂಬತ್ತು,
ಎಲ್ಬೋ ಬೇರೆ ಲೆಕ್ಕ.
ಜೆ.ಸಿ. ರಸ್ತೆಯಿಂದ ಒಂದು ಕೆಂಪು ಫಿಲ್ಟರು,
ಕಡಲೆಪುರಿ ಪೊಟ್ಟಣ ಬೋರಲು ಹಾಕಿದ ಹಾಗೆ.
"ಗಾಳಿ ಜಾಸ್ತಿ ಕುಡಿದರೆ ಗಾಡಿ ಜಾಸ್ತಿ ಎಳೆಯುತ್ತೆ ಕಣೋ,
ಇದಕ್ಕೂ ಇಂಜಿನಿಯರ್ ಬೇಕಾ?"
ಬೇಡ ಅಂದೆ. ಟ್ಯಾಂಕರಿನ ಪೈಪು ಹಿಡಿಯುವ ಹುಡುಗ ನಾನು,
ತಲೆಯಾಡಿಸುವುದೂ ಸಂಬಳದೊಳಗೇ ಬರುತ್ತೆ.

ಕ್ಯಾಬಿನ್ನಿನ ಬೆನ್ನಿಗಂಟಿ, ಮೇಲಕ್ಕೆ ಮೂಗೆತ್ತಿ ನಿಂತಿದ್ದ
ಕಂಪನಿಯ ಹಳೇ ಕೊಳವೆ ಬಿಚ್ಚಿ ನನ್ನ ಮಡಿಲಿಗೆ ಹಾಕಿದ.
ಒಳಗೆ ಒಂದು ಹಿಡಿ ಹೊಂಗೆ ಎಲೆ, ಸತ್ತ ಜೇನು,
ಅಂಜನಾಪುರದ ಅಷ್ಟೂ ಲೇಔಟುಗಳ ಧೂಳು.
ಕ್ಲಾಂಪು ಸಾಲದ ಕಡೆ ಸೈಕಲ್ ಟ್ಯೂಬು ಸುತ್ತಿ
ಕೀಲಿ ತಿರುಗಿಸಿದ.

ಏನು ಸದ್ದು ಅದು!
ಗೊರಕೆಯವನ ಪಕ್ಕ ಮಲಗಿ ಗೊತ್ತಿದ್ದವರಿಗೆ ಗೊತ್ತು:
ಎಳೆದುಕೊಳ್ಳುವಾಗ ಒಂದು ಹುಲಿ, ಬಿಡುವಾಗ ಇನ್ನೊಂದು.
ಬೋರ್‌ವೆಲ್ ಕಾಯುವ ಸೆಬಾಸ್ಟಿಯನ್ ಟೀ ಲೋಟ ಕೆಳಗಿಟ್ಟು ಎದ್ದು ಬಂದ.
ಪಿಳ್ಳಪ್ಪಣ್ಣ ನಕ್ಕ. ಮಗಳ ಮದುವೆಯಲ್ಲೂ ಹಾಗೆ ನಕ್ಕಿರಲಿಲ್ಲ.

ಪರೀಕ್ಷೆಗೆ ನೀರಿಗಿಂತ ನಿಯತ್ತಿನ ತೂಕ ಉಂಟೇ?
ಆರು ಸಾವಿರ ಲೀಟರು, ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ.
(ಅಪಾರ್ಟ್‌ಮೆಂಟಿನವರಿಗೆ ಐದೂವರೆ ಇಳಿಸುವುದು
ಬೇರೆ ವಿಷಯ.)
ಬೆಳಗಿನ ಜಾವ, ಖಾಲಿ ರಸ್ತೆ,
ಕೊತ್ತನೂರು ದಿಣ್ಣೆಯ ಏರು.
ಕೆಳಗಿನ ಬೇಕರಿಯಿಂದ ಮೇಲಿನ ಟ್ರಾನ್ಸ್‌ಫಾರ್ಮರಿನ ತನಕ
ನನ್ನ ಮೊಬೈಲಿನ ಗಡಿಯಾರ.
ಹಳೇ ಕೊಳವೆಯಲ್ಲಿ: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಹೊಸದರಲ್ಲಿ ಹುಲಿ ಗರ್ಜಿಸಿತು, ಸೀಟು ನಡುಗಿತು,
ಡ್ಯಾಶ್‌ಬೋರ್ಡಿನ ಮಾರಮ್ಮನಿಗೆ ಇಟ್ಟ ಚೆಂಡುಹೂ ಉದುರಿತು.
ನಾಲ್ಕು ಹದಿನಾಲ್ಕು.

"ಎಷ್ಟೋ?"
ಅವನ ಮುಖ ನೋಡಿದೆ.
"ಮೂರೂ ಮುಕ್ಕಾಲು, ಅಣ್ಣ."

ಆ ಮೂರೂ ಮುಕ್ಕಾಲು ಗೊಟ್ಟಿಗೆರೆಯೆಲ್ಲ ಸುತ್ತಿತು.
ಟೀ ಅಂಗಡಿಯಲ್ಲಿ ಅದು ಮೂರೂವರೆ,
ಸಂಜೆಗೆ ಮೂರು.
ಮೂವರು ಡ್ರೈವರುಗಳು ಹಾರ್ಡ್‌ವೇರ್ ಅಂಗಡಿಗೆ ಹೋಗಿಬಂದರು.
ಸುಳ್ಳಿಗೆ ಗಾಳಿ ಎಲ್ಲಿಂದ ಬರುತ್ತೋ,
ಫಿಲ್ಟರೇ ಬೇಕಿಲ್ಲ ಅದಕ್ಕೆ.

ಡೀಸೆಲ್ ಬಂಕಿನ ಚೀಟಿ ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ.
ವಾರಕ್ಕೆ ಎಂಟು ಲೀಟರು ಹೆಚ್ಚು.
ಅಂತೋಣಿ ಮೇಸ್ತ್ರಿ ಬಾನೆಟ್ ಎತ್ತಿ
ಫಿಲ್ಟರಿನ ಮೇಲೆ ಕೈಯಿಟ್ಟು ಚಕ್ಕನೆ ತೆಗೆದ.
"ಒಲೆ ಪಕ್ಕ ಕೂರಿಸಿ ಉಸಿರಾಡು ಅಂದ್ರೆ ಏನ್ ಆಡುತ್ತೆ ಪಾಪ?
ಹಳೇದು ಮೇಲಿನ ತಣ್ಣನೆ ಗಾಳಿ ತರ್ತಿತ್ತು, ಇದು ಕಾದದ್ದನ್ನೇ ಕುಡೀತಿದೆ."
ಎಲ್ಬೋ ಬಿಸಿಗೆ ಬಾಯಿ ಸೊಟ್ಟ ಮಾಡಿಕೊಂಡಿತ್ತು.
ಪೈಪಿನೊಳಗೆ ಬೆರಳಾಡಿಸಿ ಎತ್ತಿ ತೋರಿಸಿದ:
ಮೆಟ್ರೋ ಕಂಬದ ಸಿಮೆಂಟು, ನಯವಾಗಿ,
ಮಗುವಿಗೆ ಹಚ್ಚುವ ಪೌಡರಿನ ಹಾಗೆ.
"ಇದು ಸಿಲಿಂಡರಿಗೆ ಹೋದರೆ ಉಪ್ಪುಕಾಗದ ಕಣಯ್ಯಾ."

ಹಳೇ ಕೊಳವೆ ತೊಳೆದೆ ನಾನೇ.
ಹೊಂಗೆ ಎಲೆ, ಜೇನು, ಎಲ್ಲ ಹೊರಗೆ.
ನಾನೂರು ರೂಪಾಯಿಯ ಹೊಸ ಕಾಗದದ ಫಿಲ್ಟರು.
ಮರುದಿನ ಅದೇ ಏರು, ಅದೇ ಆರು ಸಾವಿರ.
ಗಾಡಿ ಸದ್ದಿಲ್ಲದೆ ಹತ್ತಿತು.
ನಾಲ್ಕು ನಿಮಿಷಕ್ಕೆ ಎರಡು ಸೆಕೆಂಡು ಕಮ್ಮಿ.

ಹೇಳಿದೆ.
"ಸುಮ್ನಿರೋ," ಅಂದ ಪಿಳ್ಳಪ್ಪಣ್ಣ,
"ಉಸಿರೇ ಕೇಳ್ತಿಲ್ಲ, ಎಲ್ಲಿಂದ ಬಂತು ಸ್ಪೀಡು?"
ಮೊಬೈಲು ತೋರಿಸಿದೆ. ಬ್ಯಾಟರಿ ಹೋಗಿರಬೇಕು ಅಂದ.

ಪೈಪು ಈಗ ಅವನ ಶೀಟಿನ ಮನೆಯ ಮೂಲೆಯಲ್ಲಿದೆ,
ಸೂರಿನ ನೀರನ್ನು ನೀಲಿ ಡ್ರಮ್ಮಿಗೆ ಇಳಿಸುತ್ತೆ.
ಮೊನ್ನೆ ರಾತ್ರಿ ಜೋರು ಮಳೆ. ಬಾಡಿಗೆ ಇಲ್ಲ, ಅಲ್ಲೇ ಊಟ.
ನೀರು ಧುಮುಕುವ ಸದ್ದಿಗೆ ತಟ್ಟೆಯ ಮೇಲೆ ಕೈ ಹಾಗೇ ನಿಂತಿತು,
ಕಣ್ಣು ಮುಚ್ಚಿ ತಲೆದೂಗಿದ:
"ಕೇಳೋ, ಎಂಥ ಪಿಕಪ್ಪು!"