ಭಾನುವಾರ, ಹತ್ತರಿಂದ ಒಂದು

ಪಬ್ಬಿಗೆ ಬೀಗ ಬಿದ್ದು ಮೂರು ವರ್ಷ.
ಚರ್ಚು ಕೊಂಡ ಮೆಲ್ಬರ್ನಿನ ಯಾರೋ
ಅದರೊಳಗೆ ಮಡಕೆ ಮಾಡಲು ಕಲಿಯುತ್ತಿದ್ದಾರೆ.
ಊರು ಸೇರುವುದು ಈಗ ಇಲ್ಲೇ,
ಗೋಧಿ ಹೊಲದಾಚೆ, ಕಸದ ಗುಂಡಿಯ ಬಾಯಲ್ಲಿ.

ಕ್ಲ್ಯಾರಿ ಗೇಟು ತೆಗೆಯುವ ಮೊದಲೇ ಪಿಕಪ್ಪುಗಳ ಸಾಲು.
ತಲೆಗೊಂದೇ ಚೀಲ, ಅದೂ ಅರ್ಧ.
ಎಲ್ಲ ಒಂದೇ ಸಲ ತಂದರೆ
ಮುಂದಿನ ವಾರಕ್ಕೇನು ನೆಪ?

ಮಳೆ ಎಷ್ಟು ಮಿಲಿಮೀಟರು, ಯಾರ ಕುರಿ ಯಾರ ಬೇಲಿ ಹಾರಿತು,
ಐಲೀನಳ ಮಂಡಿ, ಅದರೊಳಗಿನ ಹೊಸ ಸ್ಟೀಲು:
ಎಲ್ಲ ಕೆಟ್ಟ ಫ್ರಿಜ್ಜಿಗೆ ಒರಗಿಕೊಂಡೇ.
ನನ್ನ ಔಷಧಿ ಅಂಗಡಿಯಲ್ಲಿ ಬಾಯಿಬಿಡದವರು
ಇಲ್ಲಿ ಗಾಳಿಗೆ, ನೊಣಕ್ಕೆ, ನನಗೂ ಹೇಳುತ್ತಾರೆ.

ಒಂದು ಬೆತ್ತದ ಕುರ್ಚಿ.
ನೋಲಾ ಎಸೆದಳು, ಗಂಡ ಕೂರುತ್ತಿದ್ದದ್ದು.
ಡೆಸ್ಮಂಡ್ ಒಯ್ದ; ಹೆಂಡತಿ ಬೈದಳೆಂದು ವಾಪಸು ತಂದ.
ಆಮೇಲೆ ಸ್ಕೂಲ್ ಬಸ್ಸಿನ ಡ್ರೈವರು.
ಅವನೂ ತಂದ, ಒಂದು ಕಾಲಿಗೆ ತಂತಿ ಬಿಗಿದು.

ಇವತ್ತು ಅದು ನನ್ನ ಕಾರಿನ ಹಿಂದೆ.
ನೋಲಾ ಕಿಟಕಿಗೆ ಬಗ್ಗಿ ನೋಡಿದಳು.
ಸುಮಾರು ಹೊತ್ತು ಏನೂ ಅನ್ನಲಿಲ್ಲ.
"ಬಿಸಿಲಿಗಿಡಬೇಡ," ಅಂದಳು,
"ಕಿರುಗುಟ್ಟುತ್ತೆ."

ಒಂದು ಗಂಟೆ. ಗೇಟು.
ಅರ್ಧ ದಾರಿಯಲ್ಲಿ ನೋಡುತ್ತೇನೆ,
ಚೀಲ ಇಳಿಸುವುದನ್ನೇ ಮರೆತಿದ್ದೇನೆ.